ಪೆಟ್ಟಿ ಕೇಸ್, ಸಮರಿ ಟ್ರಯಲ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಯಾವುದಾದರೂ ತಾಲ್ಲೂಕು ಕೋರ್ಟಿನ ವರಾಂಡದಲ್ಲಿ ನಿಂತು ನೋಡಿ. ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸುಮ್ನೆ ಒಪ್ಪಿಕೊಂಡು ದಂಡ ಕಟ್ಟಿಬಿಡು ಮಾರಾಯ, ಊಟದ ಹೊತ್ತಿಗೆ ಮನೆ ಸೇರ್ತೀಯ." ಹೇಳುವವನು ಕೆಲವೊಮ್ಮೆ ಜೊತೆಗೆ ಬಂದ ಗೆಳೆಯ, ಕೆಲವೊಮ್ಮೆ ಪೇದೆ, ಕೆಲವೊಮ್ಮೆ ಚಹಾ ಅಂಗಡಿಯವನು. ಆ ಮಾತು ಕೆಲವರ ಪಾಲಿಗೆ ಸರಿಯೇ. ಇನ್ನು ಕೆಲವರಿಗೆ ಅದರ ಬೆಲೆ ಗೊತ್ತಾಗುವುದು ಮೂರು ವರ್ಷ ಕಳೆದು, ಸರ್ಕಾರಿ ಕೆಲಸದ ಅರ್ಜಿ ತುಂಬುವಾಗ. ಕಟಕಟೆಯಲ್ಲಿ ಬಾಯಿ ಬಿಡುವ ಮೊದಲು ತಿಳಿದಿರಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ.

ಸಮರಿ ಟ್ರಯಲ್ ಅಂದರೆ ಏನು?

ಸಣ್ಣ ಅಪರಾಧಗಳನ್ನು ಬೇಗ ಮುಗಿಸಲು ಕಾನೂನೇ ಮಾಡಿಕೊಟ್ಟಿರುವ ಚಿಕ್ಕ ದಾರಿ. ಕನ್ನಡದಲ್ಲಿ ಇದಕ್ಕೆ ಸಂಕ್ಷಿಪ್ತ ವಿಚಾರಣೆ ಎನ್ನುತ್ತಾರೆ. ದೊಡ್ಡ ಕೇಸಿನಲ್ಲಿ ನಡೆಯುವ ಹಾಗೆ ಉದ್ದುದ್ದ ದೋಷಾರೋಪ ಬರೆಯುವುದು, ಸಾಕ್ಷಿ ಹೇಳಿದ ಪ್ರತಿ ಮಾತನ್ನೂ ದಾಖಲಿಸುವುದು, ಹತ್ತಾರು ಪುಟದ ತೀರ್ಪು ಬರೆಯುವುದು ಇಲ್ಲಿಲ್ಲ.

ಚಿಕ್ಕದಾಗುವುದು ಬರವಣಿಗೆ ಮಾತ್ರ. ನಿಮ್ಮ ಹಕ್ಕು ಚಿಕ್ಕದಾಗುವುದಿಲ್ಲ. ಆರೋಪ ಏನೆಂದು ತಿಳಿಯುವ ಹಕ್ಕು, ವಕೀಲರನ್ನು ಇಟ್ಟುಕೊಳ್ಳುವ ಹಕ್ಕು, ಎದುರಿನ ಸಾಕ್ಷಿಗೆ ಪಾಟಿ ಸವಾಲು ಹಾಕುವ ಹಕ್ಕು, ನಿಮ್ಮ ಕಡೆಯ ಸಾಕ್ಷಿ ಕರೆಸುವ ಹಕ್ಕು, ಎಲ್ಲವೂ ಹಾಗೇ ಇವೆ.

ಈಗ ಇದು ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 283ರಿಂದ 288ರವರೆಗಿನ ಕಲಮುಗಳಲ್ಲಿದೆ. ಕೋರ್ಟಿನಲ್ಲಿ ಎಲ್ಲರ ಬಾಯಲ್ಲೂ ಅದು ಬಿಎನ್‌ಎಸ್‌ಎಸ್. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಅಂದರೆ ಸಿಆರ್‌ಪಿಸಿಯಲ್ಲಿ 260ರಿಂದ 265ರವರೆಗಿನ ಕಲಮುಗಳು ಇದೇ ಕೆಲಸ ಮಾಡುತ್ತಿದ್ದವು. ಹಳೆ ವಕೀಲರು ಇವತ್ತಿಗೂ "ಟೂ ಸಿಕ್ಸ್ಟಿ" ಅಂತಲೇ ಹೇಳುತ್ತಾರೆ, ಗಾಬರಿಯಾಗಬೇಡಿ.

ಟ್ರಾಫಿಕ್ ಪೊಲೀಸರು ರಸ್ತೆಯಲ್ಲಿ ಹಾಕುವ ದಂಡವೂ ಇದೇನಾ?

ಅಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ನೀವು ರಸ್ತೆಯಲ್ಲೋ ಮೊಬೈಲ್‌ನಲ್ಲೋ ಕಟ್ಟುವ ಹಣ ರಾಜಿ ಶುಲ್ಕದ ಹಾಗೆ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯಿತು, ಕೋರ್ಟಿಗೆ ಹೋಗುವುದಿಲ್ಲ. ಕಟ್ಟದಿದ್ದರೆ, ಅಥವಾ ಕುಡಿದು ಗಾಡಿ ಓಡಿಸಿದಂಥ ಕೇಸಾದರೆ, ಕೋರ್ಟಿಗೆ ಹೋಗುತ್ತದೆ. ಅಲ್ಲಿ ನ್ಯಾಯಾಧೀಶರು ಹಾಕುವ ದಂಡವೇ ಶಿಕ್ಷೆ. ಎರಡರಲ್ಲೂ ಜೇಬಿನಿಂದ ಹೋಗುವುದು ದುಡ್ಡೇ ಆದರೂ ಎರಡೂ ಬೇರೆ ಬೇರೆ.

ಯಾವ ಯಾವ ಅಪರಾಧಗಳು ಈ ದಾರಿಯಲ್ಲಿ ಬರುತ್ತವೆ?

ಎರಡು ಗುಂಪು ಇವೆ. ಮೊದಲ ಗುಂಪಿನ ಅಪರಾಧಗಳನ್ನು ಸಂಕ್ಷಿಪ್ತವಾಗಿಯೇ ವಿಚಾರಿಸಬೇಕು ಎಂದು ಹೊಸ ಕಾನೂನು ಹೇಳುತ್ತದೆ. ಹಳೆ ಕಾನೂನಿನಲ್ಲಿ "ವಿಚಾರಿಸಬಹುದು" ಎಂದಿತ್ತು. ಒಂದೇ ಒಂದು ಪದ ಬದಲಾಗಿದೆ, ಆದರೆ ಅದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ.

ಈ ಗುಂಪಿನಲ್ಲಿ ಮೊದಲು ಬರುವುದು ಕಳ್ಳತನ. ಕದ್ದ ವಸ್ತುವಿನ ಬೆಲೆ 20,000 ರೂಪಾಯಿ ಮೀರಿರಬಾರದು. ಹಳೆ ಕಾನೂನಿನಲ್ಲಿ ಈ ಮಿತಿ 2,000 ರೂಪಾಯಿ ಇತ್ತು. ಇವತ್ತಿನ ಕಾಲದಲ್ಲಿ 2,000ಕ್ಕೆ ಏನು ಬರುತ್ತದೆ ಹೇಳಿ? ಒಂದು ಸೈಕಲ್ಲೂ ಬರುವುದಿಲ್ಲ. ಹಾಗಾಗಿ ಆ ಕಲಂ ಇದ್ದೂ ಇಲ್ಲದ ಹಾಗಿತ್ತು. ಈಗ ಸಾಧಾರಣ ಮೊಬೈಲ್ ಕಳವು, ತೋಟದ ಪಂಪ್‌ಸೆಟ್ಟಿನ ಕೇಬಲ್ ಕಳವು, ಒಂದಿಷ್ಟು ಅಡಿಕೆ ಕಳವು, ಬೆಲೆ ನೋಡಿಕೊಂಡು, ಇದರೊಳಗೆ ಬರುತ್ತವೆ. ಅದೇ ಮಿತಿಯೊಳಗಿನ ಕದ್ದ ಮಾಲನ್ನು ಇಟ್ಟುಕೊಳ್ಳುವುದು ಮತ್ತು ಬಚ್ಚಿಡಲು ನೆರವಾಗುವುದು ಕೂಡ ಸೇರುತ್ತವೆ. ಕದ್ದು ಮನೆಯೊಳಗೆ ನುಗ್ಗುವುದರ ಕೆಲವು ಬಗೆಗಳು, ಜಗಳಕ್ಕೆ ಎಳೆಯುವ ಹಾಗೆ ಅವಮಾನ ಮಾಡುವುದು, ಬೆದರಿಕೆ ಹಾಕುವುದು, ಇವಕ್ಕೆಲ್ಲ ಕುಮ್ಮಕ್ಕು ಕೊಡುವುದು, ಪ್ರಯತ್ನ ಮಾಡುವುದು ಕೂಡ ಪಟ್ಟಿಯಲ್ಲಿವೆ. ಪಟ್ಟಿಯ ಕೊನೆಯಲ್ಲಿ 1871ರ ದನಗಳ ಕಾಯ್ದೆಯೂ ಇದೆ. ದನವನ್ನು ಅನ್ಯಾಯವಾಗಿ ಹಿಡಿದು ದೊಡ್ಡಿಗೆ ಹೊಡೆದರು ಎಂಬ ದೂರಿಗೆ ಸಂಬಂಧಿಸಿದ್ದು ಅದು. ದೊಡ್ಡಿಗಳೇ ಕಾಣೆಯಾಗುತ್ತಿರುವ ಕಾಲದಲ್ಲಿ ಅದನ್ನು ಹೊಸ ಸಂಹಿತೆಗೂ ಹೊತ್ತು ತಂದಿದ್ದಾರೆ!

ಎರಡನೇ ಗುಂಪು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಮೂರು ವರ್ಷಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಇಲ್ಲದ ಯಾವುದೇ ಅಪರಾಧವನ್ನು ಅವರು ಸಂಕ್ಷಿಪ್ತವಾಗಿ ನಡೆಸಬಹುದು. ಮೊದಲು ಈ ಮಿತಿ ಎರಡು ವರ್ಷ ಇತ್ತು. ಆದರೆ ಹಾಗೆ ಮಾಡುವ ಮುಂಚೆ ಆರೋಪಿಯ ಮಾತು ಕೇಳಬೇಕು, ಕಾರಣ ಬರೆಯಬೇಕು. ಒಮ್ಮೆ ತೀರ್ಮಾನ ಮಾಡಿದರೆ ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಅಂದರೆ ತಕರಾರು ಇದ್ದರೆ ಆಗಲೇ, ಅಲ್ಲೇ ಹೇಳಬೇಕು.

ಇವುಗಳ ಜೊತೆಗೆ ಬೇರೆ ಕಾಯ್ದೆಗಳೂ ಈ ದಾರಿಯನ್ನು ಹೇಳುತ್ತವೆ. ಸಾರ್ವಜನಿಕ ಜಾಗದಲ್ಲಿ ಸಿಗರೇಟು ಸೇದಿದ ಕೇಸು, ಅಂದರೆ ತಂಬಾಕು ನಿಯಂತ್ರಣದ 2003ರ ಕೋಟ್ಪಾ ಕಾಯ್ದೆಯದ್ದು, ಕೋರ್ಟಿಗೆ ಬಂದರೆ ಸಂಕ್ಷಿಪ್ತವಾಗಿಯೇ ನಡೆಯಬೇಕು. ಚೆಕ್ ಬೌನ್ಸ್ ಕೇಸೂ ಹಾಗೆಯೇ. ಅದರ ಕಥೆ ಮುಂದೆ ಹೇಳುತ್ತೇನೆ.

ಇದನ್ನು ನಡೆಸುವವರು ಯಾರು?

ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟ್ ಮತ್ತು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ನಮ್ಮ ಊರುಗಳ ಜೆಎಂಎಫ್‌ಸಿ ಕೋರ್ಟ್ ಅಂದರೆ ಇದೇ. ಮೊದಲು ಪ್ರಥಮ ದರ್ಜೆಯವರಿಗೆ ಹೈಕೋರ್ಟ್ ಪ್ರತ್ಯೇಕ ಅಧಿಕಾರ ಕೊಡಬೇಕಿತ್ತು, ಈಗ ಬೇಕಿಲ್ಲ. ಎರಡನೇ ದರ್ಜೆಯವರಿಗೆ ಹೈಕೋರ್ಟ್ ಅಧಿಕಾರ ಕೊಟ್ಟರೆ, ಬರೀ ದಂಡದ ಅಥವಾ ಆರು ತಿಂಗಳೊಳಗಿನ ಶಿಕ್ಷೆಯ ಅಪರಾಧಗಳನ್ನು ನಡೆಸಬಹುದು. ತಹಸೀಲ್ದಾರರಿಗೆ, ಪೊಲೀಸ್ ಅಧಿಕಾರಿಗಳಿಗೆ ಈ ಅಧಿಕಾರ ಇಲ್ಲ.

ನನ್ನ ಕೇಸು 2024ಕ್ಕಿಂತ ಹಿಂದಿನದು. ಯಾವ ಕಾನೂನು?

2024ರ ಜುಲೈ 1ಕ್ಕೆ ಮುಂಚೆಯೇ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿದ್ದರೆ ಅದು ಹಳೆ ಸಿಆರ್‌ಪಿಸಿ ಪ್ರಕಾರವೇ ಮುಂದುವರಿಯುತ್ತದೆ. ಹಳೆ ಮಿತಿಗಳೇ ಲೆಕ್ಕಕ್ಕೆ.

ಮೊದಲ ದಿನ ಕೋರ್ಟಿನಲ್ಲಿ ಏನಾಗುತ್ತದೆ?

ಸಮನ್ಸ್‌ನಲ್ಲಿ ಬರೆದ ದಿನ ಬೆಳಿಗ್ಗೆ ಹೋಗಿ ಕೂರಬೇಕು. ನಿಮ್ಮ ಕೇಸ್ ನಂಬರ್, ಹೆಸರು ಕೂಗುತ್ತಾರೆ. ಕೂಗಿದಾಗ ಚಹಾ ಕುಡಿಯಲು ಹೋಗಿದ್ದೆ ಅನ್ನುವ ಕಾರಣ ನಡೆಯುವುದಿಲ್ಲ, ಎಷ್ಟೋ ವಾರಂಟುಗಳು ಹೀಗೇ ಹುಟ್ಟಿವೆ.

ಒಳಗೆ ಹೋದ ಮೇಲೆ ನ್ಯಾಯಾಧೀಶರು ಆರೋಪದ ವಿವರ ಹೇಳುತ್ತಾರೆ. ಇಂಥ ದಿನ, ಇಂಥ ಜಾಗದಲ್ಲಿ, ನೀವು ಇಂಥದ್ದು ಮಾಡಿದ್ದೀರಿ ಎಂದು ಆರೋಪವಿದೆ, ತಪ್ಪು ಒಪ್ಪುತ್ತೀರಾ, ಇಲ್ಲ ವಿಚಾರಣೆ ನಡೆಯಲಿ ಅನ್ನುತ್ತೀರಾ ಎಂದು ಕೇಳುತ್ತಾರೆ. ಇದಕ್ಕೆ ಕೋರ್ಟಿನ ಮಂದಿ ಪ್ಲೀ ಎನ್ನುತ್ತಾರೆ. ಎಲ್ಲ ಸೇರಿ ಒಂದೆರಡು ನಿಮಿಷ. ಇಡೀ ಕೇಸಿನಲ್ಲಿ ನಿಮ್ಮ ಪಾಲಿಗೆ ಅತಿ ಮುಖ್ಯವಾದ ನಿಮಿಷಗಳೂ ಅವೇ.

ಆರೋಪ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಹೇಳಿ. ಸಂಕೋಚ ಬೇಡ. ತುಳು, ಲಂಬಾಣಿ, ಉರ್ದು, ತೆಲುಗು ಮಾತ್ರ ಬರುವವರು ಕಟಕಟೆಯಲ್ಲಿ ಸುಮ್ಮನೆ ತಲೆ ಆಡಿಸಿಬಿಡುತ್ತಾರೆ. ತಲೆ ಆಡಿಸಿದ್ದು ಒಪ್ಪಿಗೆ ಅನ್ನಿಸಿಕೊಳ್ಳಬಾರದು ಅಲ್ವಾ?

ಇನ್ನೊಂದು ವಿಷಯ. ಕಾಗದ ನೋಡಿದಾಗಲೇ ಆರೋಪಕ್ಕೆ ಆಧಾರವಿಲ್ಲ ಎಂದು ಕಂಡರೆ, ಕಾರಣ ಬರೆದು ಆರೋಪಿಯನ್ನು ಬಿಟ್ಟುಬಿಡುವ ಅಧಿಕಾರವನ್ನು ಸುರಕ್ಷಾ ಸಂಹಿತೆಯ 274ನೇ ಕಲಂ ಹೊಸದಾಗಿ ಕೊಟ್ಟಿದೆ. ಸಮನ್ಸ್ ಕೇಸುಗಳಲ್ಲಿ, ಅಂದರೆ ಎರಡು ವರ್ಷ ಮೀರದ ಶಿಕ್ಷೆಯ ಸಣ್ಣ ಅಪರಾಧಗಳ ಕೇಸುಗಳಲ್ಲಿ, ಮೊದಲು ಇದು ಇರಲಿಲ್ಲ. ನಿಮ್ಮ ಕೇಸು ಅಂಥದ್ದಾಗಿದ್ದರೆ ಪ್ಲೀ ಹೇಳುವ ಮೊದಲೇ ವಕೀಲರ ಮೂಲಕ ಕೇಳಿಕೊಳ್ಳುವುದು ಒಳ್ಳೆಯದು.

ತಪ್ಪು ಒಪ್ಪಿಕೊಂಡರೆ ಏನಾಗುತ್ತದೆ?

ನೀವು ಹೇಳಿದ್ದನ್ನು ಸಾಧ್ಯವಾದಷ್ಟೂ ನಿಮ್ಮ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಬಳಿಕ ನ್ಯಾಯಾಧೀಶರು ಆ ಒಪ್ಪಿಗೆಯ ಮೇಲೇ ಅಪರಾಧಿ ಎಂದು ತೀರ್ಮಾನಿಸಬಹುದು. ಹೆಚ್ಚಾಗಿ ದಂಡ ಹಾಕುತ್ತಾರೆ, ಅದೇ ದಿನ ಕಟ್ಟಿ ರಸೀದಿ ತೆಗೆದುಕೊಂಡು ಹೋಗಬಹುದು. ರಸೀದಿ ಜೋಪಾನವಾಗಿಡಿ.

"ನಿಮ್ಮ ಮಾತಿನಲ್ಲೇ" ಅನ್ನುವುದು ಸುಮ್ಮನೆ ಇಟ್ಟ ಪದ ಅಲ್ಲ. ಹೊಡೆದಾಟದ ಕೇಸಿನಲ್ಲಿ ಒಬ್ಬ "ಹೌದು ಸ್ವಾಮಿ, ಹೊಡೆದೆ. ಆದರೆ ಅವನೇ ಮೊದಲು ಕುಡುಗೋಲು ಎತ್ತಿದ" ಎಂದ ಅಂತಿಟ್ಟುಕೊಳ್ಳಿ. ಅದು ತಪ್ಪೊಪ್ಪಿಗೆಯೇ ಅಲ್ಲ. ಅವನು ಆತ್ಮರಕ್ಷಣೆಯ ಮಾತು ಹೇಳುತ್ತಿದ್ದಾನೆ. ಅದನ್ನು "ತಪ್ಪೊಪ್ಪಿಕೊಂಡಿದ್ದಾನೆ" ಎಂದು ಒಂದೇ ಸಾಲಿಗೆ ಇಳಿಸಿದರೆ ಅನ್ಯಾಯ. ಹಾಗಾಗಿ "ಆದರೆ" ಇದ್ದರೆ ಆ "ಆದರೆ"ಯನ್ನು ನುಂಗಬೇಡಿ. ಗಟ್ಟಿಯಾಗಿ ಹೇಳಿ.

ಒಪ್ಪಿಕೊಂಡ ಮೇಲೆ ಹಿಂದೆ ಬರುವ ದಾರಿ ಬಹಳ ಕಿರಿದು. ಶಿಕ್ಷೆ ಜಾಸ್ತಿಯಾಯಿತು, ಕಾನೂನಿಗೆ ಮೀರಿದ್ದು ಎಂದು ಮಾತ್ರ ಮೇಲ್ಮನವಿ ಹಾಕಬಹುದು. "ನಾನು ತಪ್ಪೇ ಮಾಡಿರಲಿಲ್ಲ" ಎಂದು ಮೇಲ್ಮನವಿ ಹಾಕಲು ಆಗುವುದಿಲ್ಲ.

ಹಾಗಾದರೆ ಯಾವತ್ತೂ ಒಪ್ಪಿಕೊಳ್ಳಬಾರದೇ? ಹಾಗೇನಿಲ್ಲ. ನಿಜವಾಗಿಯೂ ತಪ್ಪು ಮಾಡಿದ್ದು, ಬರೀ ದಂಡದ ಸಣ್ಣ ಕೇಸು, ಪದೇ ಪದೇ ಕೂಲಿ ಬಿಟ್ಟು ಕೋರ್ಟಿಗೆ ಅಲೆಯಲು ಆಗದು ಎಂದರೆ ಒಪ್ಪಿಕೊಳ್ಳುವುದು ಬುದ್ಧಿವಂತಿಕೆಯೇ. ಕಳ್ಳತನ, ಬೆದರಿಕೆ, ಮನೆಗೆ ನುಗ್ಗಿದ್ದು ಇಂಥ ಆರೋಪ ಇದ್ದರೆ ಮಾತ್ರ ಒಬ್ಬ ವಕೀಲರ ಹತ್ತಿರ ಹತ್ತು ನಿಮಿಷ ಕೂತು ಮಾತಾಡದೆ ಒಪ್ಪಬೇಡಿ. "ಕಳ್ಳ" ಅನ್ನುವ ಪದ 500 ರೂಪಾಯಿ ದಂಡದ ಜೊತೆ ಬಂದರೂ ಕಳ್ಳ ಅಂತಲೇ ಓದಿಸಿಕೊಳ್ಳುತ್ತದೆ.

ಕೋರ್ಟಿಗೆ ಹೋಗದೆಯೇ ಮುಗಿಸಬಹುದಾ?

ಕೆಲವು ಕೇಸುಗಳಲ್ಲಿ ಹೌದು. ಬರೀ ದಂಡ ಮಾತ್ರ ಇರುವ, ಆ ದಂಡವೂ 5,000 ರೂಪಾಯಿ ಮೀರದ ಅಪರಾಧಗಳಿಗೆ ವಿಶೇಷ ಸಮನ್ಸ್ ಬರುತ್ತದೆ. ಕಟ್ಟಬೇಕಾದ ಹಣವನ್ನು ಅದರಲ್ಲೇ ಬರೆದಿರುತ್ತಾರೆ. ತಪ್ಪು ಒಪ್ಪುವುದಾದರೆ ಪತ್ರವನ್ನೂ ಹಣವನ್ನೂ ಗಡುವಿನೊಳಗೆ ಅಂಚೆಯಲ್ಲೋ ಬೇರೆಯವರ ಕೈಯಲ್ಲೋ ಕಳಿಸಬಹುದು. ವಕೀಲರಿಗೆ ಬರೆದುಕೊಟ್ಟು ಅವರ ಮೂಲಕವೂ ಒಪ್ಪಿಕೊಳ್ಳಬಹುದು. ಹಳೆ ಕಾನೂನಿನಲ್ಲಿ ಈ ಮಿತಿ 1,000 ರೂಪಾಯಿ ಇತ್ತು. ವಾಹನದ ಕೇಸುಗಳು ಈ ಕಲಮಿನಲ್ಲಿ ಬರುವುದಿಲ್ಲ, ಅವಕ್ಕೆ ಮೋಟಾರು ವಾಹನ ಕಾಯ್ದೆಯ 208ನೇ ಕಲಂ ಇಂಥದ್ದೇ ಬೇರೆ ವ್ಯವಸ್ಥೆ ಮಾಡಿದೆ.

ನೆನಪಿಡಿ, ಅಂಚೆಯಲ್ಲಿ ಕಳಿಸಿದರೂ ಅದು ತಪ್ಪೊಪ್ಪಿಗೆಯೇ.

ಒಪ್ಪದಿದ್ದರೆ ವಿಚಾರಣೆ ಹೇಗೆ ನಡೆಯುತ್ತದೆ?

ಸಮನ್ಸ್ ಕೇಸಿನ ರೀತಿಯಲ್ಲೇ. ಮೊದಲು ಸರ್ಕಾರಿ ವಕೀಲರು ತಮ್ಮ ಸಾಕ್ಷಿಗಳನ್ನು ಕರೆಸುತ್ತಾರೆ: ದೂರು ಕೊಟ್ಟವರು, ಪೊಲೀಸರು ಸ್ಥಳದಲ್ಲಿ ಬರೆದ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು, ತನಿಖೆ ಮಾಡಿದ ಅಧಿಕಾರಿ. ನಿಮ್ಮ ವಕೀಲರು ಪಾಟಿ ಸವಾಲು ಹಾಕುತ್ತಾರೆ. ಆಮೇಲೆ ನ್ಯಾಯಾಧೀಶರು ನಿಮ್ಮನ್ನೇ ಕೇಳುತ್ತಾರೆ: ಸಾಕ್ಷಿಗಳು ಹೀಗೆ ಹೇಳಿದ್ದಾರೆ, ನಿಮ್ಮದು ಏನು? ನಂತರ ನಿಮ್ಮ ಕಡೆಯ ಸಾಕ್ಷಿ ಇದ್ದರೆ ಅದು, ಕೊನೆಗೆ ವಾದ, ತೀರ್ಪು.

ಸಣ್ಣ ಕೇಸುಗಳು ಬೀಳುವುದು ಬಹುಪಾಲು ಪಂಚರಿಂದಲೇ. ಸ್ಟೇಷನ್ ಪಕ್ಕದ ಅಂಗಡಿಯವನಿಂದ ಸಹಿ ಹಾಕಿಸಿರುತ್ತಾರೆ, ಅವನು ಕೋರ್ಟಿಗೆ ಬಂದು "ಏನು ಬರೆದಿದ್ದರೋ ಗೊತ್ತಿಲ್ಲ ಸ್ವಾಮಿ, ಸಹಿ ಹಾಕು ಅಂದ್ರು, ಹಾಕಿದೆ" ಅನ್ನುತ್ತಾನೆ. ಕೋರ್ಟಿನಲ್ಲಿ ಓಡಾಡಿದ ಎಲ್ಲರಿಗೂ ಈ ಸಾಲು ಬಾಯಿಪಾಠ.

ಸಾಕ್ಷಿ ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದಿಲ್ಲವಂತೆ, ಹೌದಾ?

ಹೌದು, ಸಾರಾಂಶ ಮಾತ್ರ ಬರೆಯುತ್ತಾರೆ. ರಾಜ್ಯ ಸರ್ಕಾರ ಹೇಳಿದ ನಮೂನೆಯಲ್ಲಿ ಕೇಸಿನ ಕ್ರಮಸಂಖ್ಯೆ, ಅಪರಾಧ ನಡೆದ ದಿನ, ದೂರಿನ ದಿನ, ದೂರುದಾರರ ಹೆಸರು, ಆರೋಪಿಯ ಹೆಸರು, ತಂದೆ ತಾಯಿಯ ಹೆಸರು, ವಾಸ, ಆರೋಪ, ಮಾಲಿನ ಬೆಲೆ, ಆರೋಪಿಯ ಉತ್ತರ, ತೀರ್ಮಾನ, ಶಿಕ್ಷೆ, ಮುಗಿದ ದಿನ ಇಷ್ಟನ್ನು ತುಂಬುತ್ತಾರೆ. ಆರೋಪಿ ತಪ್ಪೊಪ್ಪದಿದ್ದರೆ ಇದರ ಜೊತೆ ಸಾಕ್ಷ್ಯದ ಸಾರಾಂಶವನ್ನೂ, ಯಾಕೆ ಹೀಗೆ ತೀರ್ಮಾನಿಸಿದೆ ಎಂಬ ಚಿಕ್ಕ ಕಾರಣವನ್ನೂ ಬರೆಯಲೇಬೇಕು. ಚಿಕ್ಕದಾಗಿರಬಹುದು, ಆದರೆ ಕಾರಣ ಇರಬೇಕು. ಕಾರಣವಿಲ್ಲದ ತೀರ್ಪು ಮೇಲಿನ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇವೆಲ್ಲ ಕೋರ್ಟಿನ ಭಾಷೆಯಲ್ಲಿ ಇರಬೇಕು ಎಂದೂ ಕಾನೂನು ಹೇಳುತ್ತದೆ.

ಅರ್ಧದಲ್ಲಿ ನ್ಯಾಯಾಧೀಶರು ವರ್ಗವಾಗಿ ಹೋದರೆ?

ಇದು ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿ. ಸಾಮಾನ್ಯ ಕೇಸಿನಲ್ಲಿ ಹೊಸದಾಗಿ ಬಂದ ನ್ಯಾಯಾಧೀಶರು ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೇ ಮುಂದುವರಿಯಬಹುದು. ಸಂಕ್ಷಿಪ್ತ ವಿಚಾರಣೆಯಲ್ಲಿ ಹಾಗಾಗುವುದಿಲ್ಲ. ಬರೆದಿರುವುದು ಬರೀ ಸಾರಾಂಶ. ಸಾಕ್ಷಿ ಹೇಗೆ ತಡವರಿಸಿದ, ಎಲ್ಲಿ ಮಾತು ಬದಲಿಸಿದ ಎನ್ನುವುದು ಕೇಳಿದವರಿಗೆ ಮಾತ್ರ ಗೊತ್ತು. ಹಾಗಾಗಿ ಮೊದಲಿನಿಂದ ಶುರು ಮಾಡಬೇಕು. ನಿತಿನ್‌ಭಾಯ್ ಶಾ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಎರಡೂ ಕಡೆಯವರು ಒಪ್ಪಿದರೂ ಹಳೆ ಸಾಕ್ಷ್ಯದ ಮೇಲೆ ತೀರ್ಪು ಕೊಡುವಂತಿಲ್ಲ ಎಂದಿತು. ಬೇಗ ಮುಗಿಯಲಿ ಎಂದು ಮಾಡಿದ ದಾರಿಯೇ ವರ್ಗಾವರ್ಗಿಯ ಕಾಲದಲ್ಲಿ ತಡವಾಗುವ ದಾರಿಯೂ ಆಗುವುದು ಹೀಗೆ.

ಎಷ್ಟು ಶಿಕ್ಷೆ ಆಗಬಹುದು?

ಸಂಕ್ಷಿಪ್ತ ವಿಚಾರಣೆಯಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಜೈಲು ಶಿಕ್ಷೆ ಕೊಡುವಂತಿಲ್ಲ. ಅಪರಾಧಕ್ಕೆ ಪುಸ್ತಕದಲ್ಲಿ ಎಷ್ಟು ವರ್ಷ ಬರೆದಿದ್ದರೂ ಅಷ್ಟೇ. ಮನೆಯೊಳಗಿನ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ (ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಎಂದು ಹೇಳುವ ಕಾನೂನು) ಏಳು ವರ್ಷದವರೆಗೆ ಶಿಕ್ಷೆ ಇದೆ. ಅದೇ ಕೇಸು 20,000 ರೂಪಾಯಿಯೊಳಗಿದ್ದು ಈ ದಾರಿಯಲ್ಲಿ ನಡೆದರೆ ಮೂರು ತಿಂಗಳೇ ಗರಿಷ್ಠ. ಆರೋಪಿಗೆ ಇದು ದೊಡ್ಡ ರಕ್ಷಣೆ. ಚೆಕ್ ಕೇಸು, ಗ್ರಾಮ ನ್ಯಾಯಾಲಯದ ಕೇಸು ಇಂಥ ಕೆಲವಕ್ಕೆ ಈ ಮಿತಿ ಇಲ್ಲ.

ಮೊದಲ ಸಲ ತಪ್ಪು ಮಾಡಿದವರಿಗೆ ಇನ್ನೂ ಒಂದು ದಾರಿ ಇದೆ. 1958ರ ಪ್ರೊಬೇಷನ್ ಕಾಯ್ದೆಯಡಿ ಬುದ್ಧಿ ಹೇಳಿ ಬಿಡಬಹುದು, ಅಥವಾ ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. ಹಾಗೆ ಬಿಟ್ಟರೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಎಂದು ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಇದನ್ನು ಕೇಳಿ ಪಡೆಯಬೇಕು. ದಂಡ ಕಟ್ಟುವ ಅವಸರದಲ್ಲಿ ಯಾರೂ ಕೇಳುವುದೇ ಇಲ್ಲ, ನನಗೆ ಬೇಸರ ತರುವ ಸಂಗತಿ ಇದೇ.

ಸಮುದಾಯ ಸೇವೆ ಅಂತ ಹೊಸ ಶಿಕ್ಷೆ ಬಂದಿದೆಯಂತಲ್ಲ?

ಬಂದಿದೆ. ಸಂಬಳವಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡುವುದು. ಕೆಲವೇ ಅಪರಾಧಗಳಿಗೆ ಇದು ಅನ್ವಯಿಸುತ್ತದೆ. ಕುಡಿದು ಸಾರ್ವಜನಿಕ ಜಾಗದಲ್ಲಿ ರಂಪ ಮಾಡಿದರೆ 24 ಗಂಟೆ ಸಾದಾ ಸೆರೆ, 1,000 ರೂಪಾಯಿವರೆಗೆ ದಂಡ, ಇಲ್ಲವೇ ಸಮುದಾಯ ಸೇವೆ. ಮಾನನಷ್ಟದ ಕೇಸಿನಲ್ಲೂ ಇದೆ.

ಕಳ್ಳತನದ ವಿಷಯದಲ್ಲಿ ಗಮನಿಸಬೇಕಾದ್ದು ಇದೆ. ಕದ್ದದ್ದು 5,000 ರೂಪಾಯಿಗಿಂತ ಕಡಿಮೆ ಬೆಲೆಯದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆ, ವಸ್ತುವನ್ನೋ ಅದರ ಬೆಲೆಯನ್ನೋ ವಾಪಸು ಕೊಟ್ಟಿದ್ದಾನೆ ಎಂದಾದರೆ ಸಮುದಾಯ ಸೇವೆಯೇ ಶಿಕ್ಷೆ. ಜೊತೆಗೆ ಇಂಥ ಕಳ್ಳತನ ಈಗ ಜಾಮೀನು ಸಿಗುವಂಥದ್ದು ಮತ್ತು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕಳಕೊಂಡವರ ಕಡೆಯಿಂದ ನೋಡಿದರೆ ಇದು ಅಷ್ಟು ಒಳ್ಳೆಯ ಸುದ್ದಿ ಅಲ್ಲ. ಮನೆಗೆಲಸದಾಕೆಯ 4,000 ರೂಪಾಯಿಯ ಫೋನು ಹೋದರೆ ಅವಳಿಗೆ ಅದು ಸಣ್ಣ ವಿಷಯವಲ್ಲ. ಆದರೂ ಅವಳ ದೂರು ಸ್ಟೇಷನ್ನಿನಿಂದ ಕೋರ್ಟಿಗೆ ಒಂದು ಸುತ್ತು ಜಾಸ್ತಿ ಹಾಕಬೇಕು.

ದಂಡ ಕಟ್ಟಲು ದುಡ್ಡಿಲ್ಲದಿದ್ದರೆ?

ಕಾಲಾವಕಾಶ ಕೇಳಿ, ಕಂತು ಕೇಳಿ. ಕಟ್ಟದೇ ಹೋದರೆ ಬದಲಿ ಸೆರೆ ಇರುತ್ತದೆ. ನ್ಯಾಯ ಸಂಹಿತೆಯಲ್ಲಿ ಬರೀ ದಂಡದ ಅಪರಾಧಕ್ಕೆ, ದಂಡ 5,000 ಮೀರದಿದ್ದರೆ, ಈ ಸೆರೆ ಎರಡು ತಿಂಗಳು ಮೀರುವಂತಿಲ್ಲ, ಅದೂ ಸಾದಾ ಸೆರೆ.

ಚೆಕ್ ಬೌನ್ಸ್ ಕೇಸು ಸಮರಿ ಟ್ರಯಲ್ ಅನ್ನುತ್ತಾರೆ. ಆದರೂ ವರ್ಷಗಟ್ಟಲೆ ಯಾಕೆ ಎಳೆಯುತ್ತದೆ?

ನ್ಯಾಯವಾದ ಪ್ರಶ್ನೆ. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸುಗಳನ್ನು ಸಂಕ್ಷಿಪ್ತವಾಗಿ ನಡೆಸಬೇಕು, ದೂರು ಹಾಕಿದ ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು 143ನೇ ಕಲಂ ಹೇಳುತ್ತದೆ. "ಪ್ರಯತ್ನಿಸಬೇಕು" ಎಂಬ ಆ ಒಂದು ಪದದಲ್ಲೇ ಎಲ್ಲ ಇದೆ.

ಇಲ್ಲಿ ಮೂರು ತಿಂಗಳ ಮಿತಿ ಇಲ್ಲ. ಸಂಕ್ಷಿಪ್ತ ವಿಚಾರಣೆಯಲ್ಲೂ ಒಂದು ವರ್ಷದವರೆಗೆ ಸೆರೆ ಕೊಡಬಹುದು. ಕಾಯ್ದೆಯ ಪೂರ್ಣ ಶಿಕ್ಷೆ ಎರಡು ವರ್ಷ, ಅಥವಾ ಚೆಕ್ ಮೊತ್ತದ ಎರಡು ಪಟ್ಟು ದಂಡ, ಇಲ್ಲವೇ ಎರಡೂ. ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಗಬಹುದು ಅನ್ನಿಸಿದರೆ ನ್ಯಾಯಾಧೀಶರು ಸಂಕ್ಷಿಪ್ತ ದಾರಿ ಬಿಟ್ಟು ಸಮನ್ಸ್ ವಿಚಾರಣೆಗೆ ಬದಲಾಯಿಸಬಹುದು. ಇದನ್ನು ಯಾಂತ್ರಿಕವಾಗಿ ಮಾಡಬೇಡಿ, ಕಾರಣ ಬರೆದೇ ಬದಲಾಯಿಸಿ ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಬೇಕಾಯಿತು.

ಚೆಕ್ ಪಡೆದವರು ದಿನಗಳ ಲೆಕ್ಕ ತಪ್ಪಬಾರದು. ಬ್ಯಾಂಕಿನಿಂದ ಬೌನ್ಸ್ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ. ಕೊಡದಿದ್ದರೆ ಅದಾದ ಒಂದು ತಿಂಗಳೊಳಗೆ ದೂರು. ಚೆಕ್ ಕೊಟ್ಟವರು ತಪ್ಪೊಪ್ಪದಿದ್ದರೆ ಚೆಕ್ ಮೊತ್ತದ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿ ಎಂದು ಆದೇಶಿಸುವ ಅಧಿಕಾರ 2018ರಿಂದ ಕೋರ್ಟಿಗೆ ಇದೆ.

ಇಷ್ಟು ಸಣ್ಣ ಕೇಸಿಗೆ ವಕೀಲರು ಬೇಕಾ?

ಕಡ್ಡಾಯ ಅಲ್ಲ. ಬೇಕು ಅನ್ನಿಸಿದರೆ ಫೀಸಿನ ಚಿಂತೆ ಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಪೊಲೀಸ್ ಅಥವಾ ನ್ಯಾಯಾಂಗ ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100.

ವಾಯಿದೆಗೆ ಹೋಗದಿದ್ದರೆ ಏನಾಗುತ್ತದೆ?

ಮೊದಲು ಜಾಮೀನು ಸಿಗುವ ವಾರಂಟ್, ಆಮೇಲೆ ಜಾಮೀನಿಲ್ಲದ ವಾರಂಟ್. 200 ರೂಪಾಯಿ ದಂಡದ ಕೇಸಿಗೆ ಬೆಂಗಳೂರಿನಿಂದ ಊರ ಹಬ್ಬಕ್ಕೆ ಬಂದವನನ್ನು ಪೊಲೀಸರು ಮನೆ ಬಾಗಿಲಲ್ಲಿ ಹಿಡಿದ ಕಥೆ ಎಲ್ಲ ಊರಲ್ಲೂ ಒಂದೊಂದು ಇರುತ್ತದೆ. ದೂರದಲ್ಲಿ ಕೆಲಸ ಮಾಡುವವರು ವಕೀಲರ ಮೂಲಕ ಹಾಜರಾತಿ ವಿನಾಯಿತಿ ಕೇಳಬಹುದು. ವಾರಂಟ್ ಆಗಿಯೇ ಹೋಗಿದ್ದರೆ ಅಡಗಬೇಡಿ, ನೀವೇ ಹೋಗಿ ವಾಪಸು ಪಡೆಯುವಂತೆ ಅರ್ಜಿ ಹಾಕಿ.

ಖಾಸಗಿ ದೂರಿನ ಕೇಸಿನಲ್ಲಿ ದೂರುದಾರರೇ ಬರದಿದ್ದರೆ? ಅವರಿಗೆ 30 ದಿನದ ಅವಕಾಶ ಕೊಟ್ಟು, ಆಮೇಲೂ ಬರದಿದ್ದರೆ ಆರೋಪಿಯನ್ನು ಖುಲಾಸೆ ಮಾಡಬಹುದು.

ರಾಜಿ ಮಾಡಿಕೊಳ್ಳಬಹುದಾ?

ಅವಮಾನ, ಬೆದರಿಕೆ, ಸಾಧಾರಣ ಕಳ್ಳತನ, ಚೆಕ್ ಬೌನ್ಸ್ ಇಂಥವುಗಳಲ್ಲಿ ನೊಂದವರು ಒಪ್ಪಿದರೆ ಆಗುತ್ತದೆ. ಲೋಕ ಅದಾಲತ್‌ನಲ್ಲೂ ಮುಗಿಸಬಹುದು. ರಾಜಿಯಾದರೆ ಅದರ ಫಲ ಖುಲಾಸೆ. ತಪ್ಪೊಪ್ಪಿ ದಂಡ ಕಟ್ಟುವುದಕ್ಕೂ ಇದಕ್ಕೂ ಅಜಗಜಾಂತರ. ಬೇಲಿ ಜಗಳ, ನೀರಿನ ಜಗಳದಿಂದ ಹುಟ್ಟಿದ ಕೇಸಾದರೆ ಪ್ಲೀ ಹೇಳುವ ಮೊದಲು ಊರ ಹಿರಿಯರನ್ನು ಕೂರಿಸಿ ಒಮ್ಮೆ ಮಾತಾಡಿ ನೋಡಿ.

ಮೇಲ್ಮನವಿ ಎಲ್ಲಿ?

ಸೆಷನ್ಸ್ ಕೋರ್ಟಿಗೆ, ತೀರ್ಪಿನ 30 ದಿನದೊಳಗೆ. ಆದರೆ ಸಂಕ್ಷಿಪ್ತ ವಿಚಾರಣೆಯಲ್ಲಿ 200 ರೂಪಾಯಿ ಮೀರದ ದಂಡ ಮಾತ್ರ ಹಾಕಿದ್ದರೆ ಮೇಲ್ಮನವಿ ಇಲ್ಲ. 1973ರ ಕಾನೂನಿನಲ್ಲೂ ಈ ಅಂಕಿ 200, ಈಗಲೂ 200. ಕಳ್ಳತನದ ಮಿತಿಯನ್ನು ಹತ್ತು ಪಟ್ಟು ಏರಿಸಿದವರು ಇದನ್ನು ಮುಟ್ಟಲಿಲ್ಲ. ಮೇಲ್ಮನವಿ ಇಲ್ಲದ ಕಡೆ ರಿವಿಷನ್ ಅರ್ಜಿಯ ದಾರಿ, ಅಂದರೆ ಕೆಳಗಿನ ಕೋರ್ಟಿನ ಆದೇಶ ಕಾನೂನಿನಂತಿದೆಯೇ ಎಂದು ಮೇಲಿನ ಕೋರ್ಟನ್ನು ನೋಡಲು ಕೇಳುವ ದಾರಿ ಇದೆ, ಅದಕ್ಕೆ 90 ದಿನ.

ಇದೆಲ್ಲ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಅಡ್ಡಿಯಾಗುತ್ತದಾ?

ಪಾಸ್‌ಪೋರ್ಟಿನ ವಿಷಯದಲ್ಲಿ ಶಿಕ್ಷೆಗಿಂತ ಬಾಕಿ ಇರುವ ಕೇಸೇ ಜಾಸ್ತಿ ತೊಂದರೆ. ನೈತಿಕ ಅಧಃಪತನದ, ಅಂದರೆ ಕಳ್ಳತನ, ವಂಚನೆಯಂಥ ಅಪರಾಧಕ್ಕೆ ಕಳೆದ ಐದು ವರ್ಷದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಯಾಗಿದ್ದರೆ ಅರ್ಜಿ ತಿರಸ್ಕರಿಸಬಹುದು. ಸಾಮಾನ್ಯ ಸಂಕ್ಷಿಪ್ತ ವಿಚಾರಣೆಯ ಮೂರು ತಿಂಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಆ ಕೋರ್ಟಿನಿಂದಲೇ ಅನುಮತಿ ತರಬೇಕು. ದುಬೈಗೆ ಹೊರಟ ಹುಡುಗ ಅವಸರದಲ್ಲಿ ತಪ್ಪೊಪ್ಪಿಕೊಳ್ಳುವುದು ಇದಕ್ಕೇ. ಅನುಮತಿಗೆ ಅರ್ಜಿ ಹಾಕಬಹುದು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಸರ್ಕಾರಿ ಕೆಲಸದ ಅರ್ಜಿಯಲ್ಲಿ "ಶಿಕ್ಷೆಯಾಗಿದೆಯೇ" ಎಂದು ಕೇಳಿದರೆ, ದಂಡ ಕಟ್ಟಿದ್ದೂ ಶಿಕ್ಷೆಯೇ, ಬರೆಯಲೇಬೇಕು. "ದಂಡ ತಾನೇ" ಎಂದು ಬಿಟ್ಟವರು ಅಪರಾಧಕ್ಕಿಂತ ಮುಚ್ಚಿಟ್ಟ ಕಾರಣಕ್ಕೇ ಸಿಕ್ಕಿಬೀಳುತ್ತಾರೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ಅದನ್ನು ಕ್ಷಮಿಸಬಹುದು ಎಂದಿದೆ. ಕ್ಷಮಿಸಬಹುದು ಎಂದಷ್ಟೇ, ಕ್ಷಮಿಸಲೇಬೇಕು ಎಂದಲ್ಲ.

ಹದಿನೆಂಟು ತುಂಬದ ಹುಡುಗನ ಮೇಲೆ ಕೇಸಾದರೆ?

ಅವನು ಈ ಕೋರ್ಟಿಗೆ ಬರುವುದೇ ಇಲ್ಲ, ಬಾಲ ನ್ಯಾಯ ಮಂಡಳಿಗೆ ಹೋಗುತ್ತಾನೆ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ಮಂಡಳಿಯೂ ಸಂಕ್ಷಿಪ್ತವಾಗಿ ನಡೆಸಬೇಕು. ನಾಲ್ಕು ತಿಂಗಳು, ಹೆಚ್ಚೆಂದರೆ ಇನ್ನೆರಡು ತಿಂಗಳು. ಅಷ್ಟರಲ್ಲಿ ಮುಗಿಯದಿದ್ದರೆ ಕೇಸೇ ಕೊನೆಯಾಗುತ್ತದೆ. ವಯಸ್ಸಿನ ದಾಖಲೆಯಾಗಿ ಶಾಲೆಯ ಪ್ರಮಾಣಪತ್ರವನ್ನು ಮೊದಲ ದಿನವೇ ಕೊಂಡೊಯ್ಯಿರಿ.

ನಡುವೆ ಕೇಸು ದೊಡ್ಡದು ಅನ್ನಿಸಿದರೆ ನ್ಯಾಯಾಧೀಶರು ಏನು ಮಾಡುತ್ತಾರೆ?

ಇದು ಸಂಕ್ಷಿಪ್ತವಾಗಿ ಮುಗಿಸುವಂಥದ್ದಲ್ಲ ಅನ್ನಿಸಿದರೆ ಸಾಮಾನ್ಯ ವಿಚಾರಣೆಗೆ ತಿರುಗಿಸಬೇಕು. ಆಗ ಸಾಕ್ಷಿಗಳನ್ನು ಮತ್ತೆ ಕರೆಸಿ ಮೊದಲಿನಿಂದ ಕೇಳುತ್ತಾರೆ. ಮೂರು ತಿಂಗಳ ಮಿತಿಯೂ ಅಲ್ಲಿಗೆ ಹೋಯಿತು.

ಎಲ್ಲ ಸೇರಿ ಎಷ್ಟು ದಿನ ಹಿಡಿಯುತ್ತದೆ?

ಒಪ್ಪಿದರೆ ಒಂದು ಬೆಳಿಗ್ಗೆ. ಒಪ್ಪದಿದ್ದರೆ ಸಾಕ್ಷಿಗಳು ಯಾವಾಗ ಬರುತ್ತಾರೋ ಅಷ್ಟು ದಿನ. ಪಂಚ ಊರು ಬಿಟ್ಟಿರುತ್ತಾನೆ, ಪೇದೆ ಬಂದೋಬಸ್ತಿಗೆ ಹೋಗಿರುತ್ತಾನೆ, ಅಧಿಕಾರಿಗೆ ವರ್ಗವಾಗಿರುತ್ತದೆ. ಪ್ರತಿ ವಾಯಿದೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸ್ ನಂಬರ್ ಹಾಕಿದರೂ ಮುಂದಿನ ದಿನಾಂಕ ಸಿಗುತ್ತದೆ.